ಹಂದಿ ಹಿಡಿದ ನಾಯಿಗಳ ಮೊಮ್ಮಕ್ಕಳು

ಮಾಲೂರಿನ ಸುತ್ತಮುತ್ತ ತೋಟದ ಮನೆಗಳ ಗೇಟಿನ ಮೇಲೆ 'ನಾಯಿ ಇದೆ, ಎಚ್ಚರಿಕೆ' ಎಂಬ ಬೋರ್ಡು ನೋಡಿರುತ್ತೀರಿ. ಒಳಗೆ ಇರುವುದು ನಮ್ಮ ಬೀದಿಯ ಕರಿಯನೋ ಕೆಂಚನೋ ಇರಬಹುದು. ಕೆಲವು ಕಡೆ ಗಿಡ್ಡ ಮೂತಿಯ, ಜೋತುಬಿದ್ದ ತುಟಿಯ ಬಾಕ್ಸರ್ ಇರುತ್ತದೆ. ಇನ್ನು ಕೆಲವು ಕಡೆ ಕರುವಿನಷ್ಟು ಎತ್ತರದ ಗ್ರೇಟ್ ಡೇನ್ ಬಾಲ ಬೀಸುತ್ತ ನಿಂತಿರುತ್ತದೆ. ನೋಡಿದರೆ ಈ ಎರಡಕ್ಕೂ ನಂಟಿದೆ ಎಂದು ಯಾರಿಗೂ ಅನ್ನಿಸುವುದಿಲ್ಲ. ಆದರೆ ಎರಡರ ವಂಶವನ್ನೂ ಹಿಂದಕ್ಕೆ ಹುಡುಕುತ್ತ ಹೋದರೆ ಜರ್ಮನಿಯ ಒಂದು ಹಳೆಯ ಬೇಟೆನಾಯಿ ಸಿಗುತ್ತದೆ. ಅದರ ಹೆಸರು ಬುಲೆನ್‌ಬೈಸರ್. ಇಂದು ಇಡೀ ಭೂಮಿಯ ಮೇಲೆ ಆ ತಳಿಯ ಒಂದು ನಾಯಿಯೂ ಇಲ್ಲ.

ಹಿಡಿದರೆ ಬಿಡುತ್ತಿರಲಿಲ್ಲ

ಬುಲೆನ್‌ಬೈಸರ್ ಎಂದರೆ ಜರ್ಮನ್ ಭಾಷೆಯಲ್ಲಿ 'ಹೋರಿ ಕಚ್ಚುವ ನಾಯಿ'. ಆಗಿನ ಜಮೀನ್ದಾರರು, ಪಾಳೆಯಗಾರರಂಥವರು ತಮ್ಮ ಕಾಡುಗಳಲ್ಲಿ ಕಾಡುಹಂದಿ, ಕರಡಿ, ಜಿಂಕೆಗಳ ಬೇಟೆಗೆ ಇದನ್ನು ಬಳಸುತ್ತಿದ್ದರು. ವಾಸನೆ ಹಿಡಿದು ಬೆನ್ನಟ್ಟುವ ನಾಯಿಗಳು ಬೇರೆ ಇದ್ದವು. ಇದರ ಕೆಲಸ ಕೊನೆಯ ಗಳಿಗೆಯದು: ಹಂದಿಯನ್ನು ಗಬಕ್ಕನೆ ಹಿಡಿದು, ಬೇಟೆಗಾರ ಈಟಿ ಹಿಡಿದು ಬರುವವರೆಗೂ ಬಿಡದೆ ನಿಲ್ಲಿಸುವುದು. ಅದಕ್ಕೆ ಅಗಲವಾದ, ಗಟ್ಟಿಯಾದ ದವಡೆ ಬೇಕು. ಎಂಥ ನೋವಾದರೂ ಹಿಂದೆಗೆಯದ ಧೈರ್ಯವೂ ಬೇಕು.

ಈ ನಾಯಿಯಲ್ಲಿ ಎರಡು ಅಳತೆಯವು ಇದ್ದವು. ಡಾನ್ಸಿಗ್ ಕಡೆಯದು ದೊಡ್ಡದು. ಆ ಊರು ಈಗ ಪೋಲೆಂಡಿನಲ್ಲಿದೆ. ಬ್ರಬಾಂಟ್ ಕಡೆಯದು ಚಿಕ್ಕದು. ಆ ಸೀಮೆ ಈಗ ಬೆಲ್ಜಿಯಂ ಮತ್ತು ನೆದರ್ಲೆಂಡ್ಸ್ ದೇಶಗಳಲ್ಲಿ ಹಂಚಿಹೋಗಿದೆ. ಈ ಚಿಕ್ಕದೇ ಇಂದಿನ ಬಾಕ್ಸರಿನ ಪೂರ್ವಿಕ.

ಕೆಲಸ ಹೋಯಿತು, ತಳಿ ಕರಗಿತು

19ನೆಯ ಶತಮಾನದಲ್ಲಿ ಯುರೋಪಿನ ಯುದ್ಧ, ಕ್ರಾಂತಿಗಳಿಂದ ದೊಡ್ಡ ದೊಡ್ಡ ಜಹಗೀರುಗಳು ಒಡೆದುಹೋದವು. ದೊರೆಗಳ ಬೇಟೆ ಕಡಿಮೆಯಾಯಿತು. ನೂರಾರು ನಾಯಿಗಳನ್ನು ಸಾಕುವ ಶಕ್ತಿ ಯಾರಿಗೂ ಉಳಿಯಲಿಲ್ಲ. ಬುಲೆನ್‌ಬೈಸರ್‌ಗಳು ಕಸಾಯಿಯವರ, ದನದ ವ್ಯಾಪಾರಿಗಳ ಮನೆ ಸೇರಿದವು. ದನ ತರುಬುವುದು, ಮನೆ ಕಾಯುವುದು ಅವುಗಳ ಹೊಸ ಕೆಲಸವಾಯಿತು.

ಆಮೇಲೆ ಮ್ಯೂನಿಕ್ ನಗರದ ಕೆಲವರು ಈ ನಾಯಿಗಳನ್ನು ಇಂಗ್ಲೆಂಡಿನ ಬುಲ್‌ಡಾಗ್ ಜೊತೆ ಕೂಡಿಸಿದರು. 1895ರ ಹೊತ್ತಿಗೆ ಹೊಸ ತಳಿಗೊಂದು ಸಂಘವೇ ಹುಟ್ಟಿತು. ಆ ತಳಿಯೇ ಬಾಕ್ಸರ್. ವಂಶಾವಳಿ ಪುಸ್ತಕದಲ್ಲಿ ಮೊದಲು ದಾಖಲಾದ ಬಾಕ್ಸರಿನ ಹೆಸರು ಫ್ಲೋಕಿ. ಅತ್ತ ಹಂದಿ ಬೇಟೆಯ ದೊಡ್ಡ ನಾಯಿಗಳನ್ನೂ ಉದ್ದ ಕಾಲಿನ ಓಟದ ನಾಯಿಗಳನ್ನೂ ಬೆರೆಸಿದ ವಂಶದಿಂದ ಗ್ರೇಟ್ ಡೇನ್ ಬಂತು. ಹೆಸರಿನಲ್ಲಿ ಡೆನ್ಮಾರ್ಕ್ ಇದ್ದರೂ ಅದು ಜರ್ಮನಿಯ ನಾಯಿ. ಅಲ್ಲಿ ಅದನ್ನು 'ಡಾಯ್ಚ ಡೊಗ್ಗ', ಅಂದರೆ ಜರ್ಮನ್ ಮಹಾನಾಯಿ ಎಂದೇ ಕರೆಯುತ್ತಾರೆ. ಅಮೆರಿಕದ ಜ್ಯೂಸ್ ಎಂಬ ಗ್ರೇಟ್ ಡೇನ್ ಭುಜದವರೆಗೆ 111.8 ಸೆಂಟಿಮೀಟರ್ ಎತ್ತರವಿದ್ದು ಗಿನ್ನೆಸ್ ದಾಖಲೆ ಸೇರಿತ್ತು.

ಬುಲೆನ್‌ಬೈಸರನ್ನು ಯಾರೂ ಬೇಕೆಂದೇ ನಾಶ ಮಾಡಲಿಲ್ಲ. ಹಾಲಿಗೆ ನೀರು ಬೆರೆಸುತ್ತ ಹೋದರೆ ಕೊನೆಗೆ ಹಾಲು ಎಲ್ಲಿದೆ ಎಂದು ಹುಡುಕಬೇಕಾಗುತ್ತದೆ, ಹಾಗಾಯಿತು. ಅದರ ರಕ್ತ ಮಾತ್ರ ಮೊಮ್ಮಕ್ಕಳ ಮೈಯಲ್ಲಿ ಹರಿಯುತ್ತಿದೆ. ಆ ರಕ್ತಕ್ಕೆ ವಿಜ್ಞಾನದಲ್ಲೂ ಒಂದು ಜಾಗ ಸಿಕ್ಕಿದೆ. 2005ರಲ್ಲಿ ವಿಜ್ಞಾನಿಗಳು ನಾಯಿಯ ವಂಶವಾಹಿಗಳ ಪೂರ್ಣ ನಕ್ಷೆ ಪ್ರಕಟಿಸಿದಾಗ ಅವರು ಆರಿಸಿಕೊಂಡಿದ್ದು ಟಾಷಾ ಎಂಬ ಹೆಣ್ಣು ಬಾಕ್ಸರನ್ನು.

ಕಲ್ಲಿನಲ್ಲಿ ಉಳಿದ ಕಾಳಿ

ಹಂದಿಯ ಮೇಲೆ ಬಿದ್ದ ನಾಯಿಗಳು ಜರ್ಮನಿಯಲ್ಲಿ ಮಾತ್ರ ಇದ್ದವೇ? ಇಲ್ಲ. ನಮ್ಮ ಕನ್ನಡ ನಾಡಿನಲ್ಲೂ ಇದ್ದವು. ನಮ್ಮವರು ಒಂದು ನಾಯಿಯ ಹೆಸರನ್ನು ಕಲ್ಲಿನಲ್ಲಿ ಕೊರೆದಿಟ್ಟಿದ್ದಾರೆ.

ಗಂಗರ ಅರಸರನ್ನು ಕೋಲಾರದವರು ಮರೆಯುವಂತಿಲ್ಲ. ಅವರ ಮೊದಲ ರಾಜಧಾನಿ ಕುವಲಾಲ, ಅಂದರೆ ನಮ್ಮ ಕೋಲಾರ. ಆ ವಂಶದ ಇಮ್ಮಡಿ ಬೂತುಗ 949ರಲ್ಲಿ ತಕ್ಕೋಲದ ಯುದ್ಧದಲ್ಲಿ ರಾಷ್ಟ್ರಕೂಟರ ಪರವಾಗಿ ಚೋಳರ ವಿರುದ್ಧ ಹೋರಾಡಿದ. ಅವನ ಬಳಿ ಮಣಲೆರ ಎಂಬ ವೀರನಿದ್ದ. ಅವನ ಪರಾಕ್ರಮಕ್ಕೆ ಮೆಚ್ಚಿ, 'ಏನು ಬೇಕೋ ಕೇಳು' ಎಂಬ ಮಾತು ಬಂತು. ಮಣಲೆರ ಹೊನ್ನು ಕೇಳಲಿಲ್ಲ. ಕಾಳಿ ಎಂಬ ಬೇಟೆನಾಯಿಯನ್ನು ಕೇಳಿ ಪಡೆದ.

ಮುಂದೊಂದು ದಿನ ಬೆಳತೂರಿನ ಬೆಟ್ಟದಲ್ಲಿ ಕಾಳಿಯನ್ನು ದೊಡ್ಡ ಕಾಡುಹಂದಿಯ ಮೇಲೆ ಬಿಟ್ಟರು. ನಾಯಿಯೂ ಹಂದಿಯೂ ಹೋರಾಡಿ ಎರಡೂ ಸತ್ತವು. ಕಾಳಿಯ ನೆನಪಿಗೆ ಆತಕೂರಿನ ಚಲ್ಲೇಶ್ವರ ದೇವಸ್ಥಾನದ ಮುಂದೆ ಕಲ್ಲು ನೆಟ್ಟರು, ಭೂಮಿ ದಾನ ಕೊಟ್ಟರು. ಆ ಕಲ್ಲಿಗೆ ಪೂಜೆ ಮಾಡದೆ ದೇವಸ್ಥಾನದ ಗೊರವ ಊಟ ಮಾಡಬಾರದು ಎಂದೂ ಬರೆಸಿದರು. ನಾಯಿ ಮತ್ತು ಹಂದಿ ಹೋರಾಡುವ ಚಿತ್ರವೂ ಅದರ ಮೇಲಿದೆ. ಆತಕೂರು ಇರುವುದು ಮಂಡ್ಯ ಜಿಲ್ಲೆಯಲ್ಲಿ. ಕಲ್ಲನ್ನು ಈಗ ಬೆಂಗಳೂರಿನ ಕಸ್ತೂರ್ಬಾ ರಸ್ತೆಯ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿ ಇರಿಸಲಾಗಿದೆ. ಮಾಲೂರಿನಿಂದ ರೈಲು ಹತ್ತಿದರೆ ಅದೇನೂ ದೂರವಲ್ಲ.

ಕಾಳಿ ಯಾವ ತಳಿ ಎಂದು ಶಾಸನ ಹೇಳುವುದಿಲ್ಲ. ಹೆಸರು ಉಳಿಯಿತು, ತಳಿ ಉಳಿಯಲಿಲ್ಲ. ಜರ್ಮನಿಯ ನಾಯಿಗೆ ಆದದ್ದೂ ಹೆಚ್ಚುಕಡಿಮೆ ಇದೇ.

ಉಳಿದಿರುವುದನ್ನು ಉಳಿಸೋಣ

ನಮ್ಮ ರಾಜ್ಯದಲ್ಲಿ ಇನ್ನೂ ಉಳಿದಿರುವ ಒಂದು ಬೇಟೆನಾಯಿ ಇದೆ. ಕವಿ ರನ್ನನ ಊರಾದ ಮುಧೋಳದ ನಾಯಿ ಅದು. ತೆಳ್ಳನೆ ಮೈ, ಉದ್ದ ಮೂತಿ, ಬಾಣದಂಥ ಓಟ. ಮುಧೋಳದ ಘೋರ್ಪಡೆ ಅರಸರು ಅದನ್ನು ಪೋಷಿಸಿದರು. ಅರಸೊತ್ತಿಗೆ ಹೋಯಿತು. 1972ರಲ್ಲಿ ವನ್ಯಜೀವಿ ಕಾಯ್ದೆ ಬಂದ ಮೇಲೆ ಬೇಟೆಯೂ ನಿಂತಿತು. ಅದು ಒಳ್ಳೆಯದೇ. ಆದರೆ ನಾಯಿಗೆ ಕೆಲಸವಿಲ್ಲದಂತಾಯಿತು. ಬುಲೆನ್‌ಬೈಸರಿಗೆ ಬಂದ ಗತಿಯೇ ಇದಕ್ಕೂ ಬರಬಹುದಿತ್ತು.

ಹಾಗಾಗದಂತೆ ಕೆಲವರು ತಡೆದರು. ಸುತ್ತಲಿನ ಹಳ್ಳಿಗಳ ರೈತರು ಮರಿ ಮಾಡಿಸಿ ಮಾರುವುದನ್ನು ಬಿಡಲಿಲ್ಲ. ಬೀದರಿನ ಪಶುವೈದ್ಯಕೀಯ ವಿಶ್ವವಿದ್ಯಾಲಯ ಮುಧೋಳದ ಹತ್ತಿರ ತಿಮ್ಮಾಪುರದಲ್ಲಿ ಶ್ವಾನ ಸಂಶೋಧನಾ ಕೇಂದ್ರ ತೆರೆಯಿತು. 2005ರಲ್ಲಿ ಈ ನಾಯಿಯ ಅಂಚೆಚೀಟಿ ಬಂತು. 2016ರಲ್ಲಿ ಮರಿಗಳು ಮೀರತ್‌ನ ಸೇನಾ ತರಬೇತಿ ಕೇಂದ್ರಕ್ಕೆ ಹೋದವು. ಬೇಟೆ ಹೋದರೂ ಕಾವಲು ಎಂಬ ಹೊಸ ಕೆಲಸ ಸಿಕ್ಕಿತು. ತಳಿ ಉಳಿಯುವುದು ಹೀಗೆ: ಕೆಲಸ ಇರಬೇಕು, ಸಾಕುವ ಮನೆ ಇರಬೇಕು, ಲೆಕ್ಕ ಬರೆದಿಡುವವರು ಇರಬೇಕು.

ಹಾಗೆಂದು ಬಾಕ್ಸರ್ ಸಾಕಬಾರದೆಂದಲ್ಲ. ಮಕ್ಕಳೊಂದಿಗೆ ಬಹಳ ಹೊಂದಿಕೊಳ್ಳುವ ನಾಯಿ ಅದು. ಆದರೆ ನಾಯಿಗೆ ನಮ್ಮಂತೆ ಮೈಯೆಲ್ಲ ಬೆವರುವುದಿಲ್ಲ. ನಾಲಿಗೆ ಚಾಚಿ ಏದುಸಿರು ಬಿಟ್ಟೇ ಮೈ ತಂಪು ಮಾಡಿಕೊಳ್ಳಬೇಕು. ಬಾಕ್ಸರಿನ ಗಿಡ್ಡ ಮೂತಿಗೆ ಅದು ಕಷ್ಟ. ಏಪ್ರಿಲ್ ಬಿಸಿಲಿನಲ್ಲಿ ಮಧ್ಯಾಹ್ನ ಓಡಿಸಬೇಡಿ, ತಗಡಿನ ಶೆಡ್ಡಿನಲ್ಲಿ ಕಟ್ಟಬೇಡಿ, ನೆರಳು ಮತ್ತು ನೀರು ತಪ್ಪಿಸಬೇಡಿ.

ಮಕ್ಕಳೇ, ಈ ಭಾನುವಾರ ನಿಮ್ಮ ತಾತ, ಅಜ್ಜಿಯರನ್ನು ಒಂದು ಮಾತು ಕೇಳಿ: ಅವರು ಚಿಕ್ಕವರಿದ್ದಾಗ ಮನೆಯಲ್ಲಿ ಯಾವ ನಾಯಿ ಇತ್ತು? ಬಣ್ಣ ಯಾವುದು, ಏನು ಕೆಲಸ ಮಾಡುತ್ತಿತ್ತು, ಏನೆಂದು ಕರೆಯುತ್ತಿದ್ದರು? ಕೇಳಿದ್ದನ್ನು ನೋಟ್‌ಬುಕ್ಕಿನಲ್ಲಿ ಬರೆದಿಡಿ. ಕಾಳಿಯ ಹೆಸರು ಇಷ್ಟು ಕಾಲ ಉಳಿದದ್ದು ಯಾರೋ ಒಬ್ಬರು ಬರೆಸಿಟ್ಟಿದ್ದರಿಂದಲೇ.