ಹಳೆಯ ಚಾಕು: ಮುದ್ರೆ ಹೇಳುವುದೆಲ್ಲ ನಿಜವೇ?

ಹೀಗೊಂದು ಮಡಚುವ ಚಾಕು ನಿಮ್ಮ ಕೈಗೆ ಬಂದಿತೆನ್ನಿ. ಹಿಡಿ ಸವೆದಿದೆ, ಅಲಗು ಕಪ್ಪಿಟ್ಟಿದೆ. ಬಿಚ್ಚಿ ನೋಡಿದರೆ ಅಲಗಿನ ಬುಡದಲ್ಲಿ ಪುಟ್ಟ ಕಿರೀಟ, ಅದರ ಅಕ್ಕಪಕ್ಕ ‘ವಿ’ ಮತ್ತು ‘ಆರ್’ ಎಂಬ ಇಂಗ್ಲಿಷ್ ಅಕ್ಷರಗಳು. ಕೆಳಗೆ ‘ಜೋಸೆಫ್ ರಾಡ್ಜರ್ಸ್ ಅಂಡ್ ಸನ್ಸ್, ಷೆಫೀಲ್ಡ್’ ಎಂಬ ಹೆಸರು. ‘ವಿಕ್ಟೋರಿಯಾ ರಾಣಿಯ ಕಾಲದ್ದು ಸ್ವಾಮಿ’ ಎನ್ನುತ್ತಾನೆ ಮಾರುವವನು. ಅಲಗನ್ನು ಹೊರಳಿಸಿದರೆ ಇನ್ನೊಂದು ಪದ ಕಾಣುತ್ತದೆ: ‘ಸ್ಟೇನ್‌ಲೆಸ್’.

ಬೇರಂಗಿ ಇಲ್ಲಿಗೇ ಮುಗಿಯಬೇಕು. ರಾಣಿ ತೀರಿಕೊಂಡದ್ದು 1901ರಲ್ಲಿ. ಷೆಫೀಲ್ಡಿನ ಹ್ಯಾರಿ ಬ್ರಿಯರ್ಲಿ ತುಕ್ಕು ಹಿಡಿಯದ ಉಕ್ಕನ್ನು ತಯಾರಿಸಿದ್ದು 1913ರಲ್ಲಿ. ರಾಣಿಯ ಕಾಲದ ಚಾಕುವಿಗೆ ಆಕೆ ಸತ್ತ ಹನ್ನೆರಡು ವರ್ಷಗಳ ನಂತರ ಹುಟ್ಟಿದ ಉಕ್ಕು ಬಂದದ್ದಾದರೂ ಎಲ್ಲಿಂದ?

ಅಂಚೆಚೀಟಿ, ನಾಣ್ಯಗಳಂತೆ ಹಳೆಯ ಜೇಬಿನ ಚಾಕುಗಳ ಸಂಗ್ರಹವೂ ಒಂದು ಹವ್ಯಾಸ. ಇಂಗ್ಲೆಂಡ್ ಮತ್ತು ಅಮೆರಿಕದಲ್ಲಿ ಇದಕ್ಕೆ ದೊಡ್ಡ ಮಾರುಕಟ್ಟೆಯೇ ಇದೆ. ಒಂದೇ ಗಾತ್ರದ, ಒಂದೇ ಆಕಾರದ ಎರಡು ಚಾಕುಗಳ ಬೆಲೆಯಲ್ಲಿ ಅಜಗಜಾಂತರ ವ್ಯತ್ಯಾಸ ಇರಬಹುದು. ಕಾರಣ, ಅಲಗಿನ ಬುಡದಲ್ಲಿ ಒತ್ತಿದ ಮುದ್ರೆ. ಬೆಲೆ ಮುದ್ರೆಯಲ್ಲಿದೆ ಎಂದಾದ ಮೇಲೆ ಮೋಸಗಾರನ ಕಣ್ಣೂ ಅಲ್ಲೇ.

<b>ಹಳೆಯ ರೋಗ</b>

ಈ ಮೋಸ ಇಂದಿನದಲ್ಲ. ಷೆಫೀಲ್ಡ್ ಪ್ರದೇಶದ ಚಾಕು ತಯಾರಕರ ಸಂಘ 1624ರಲ್ಲಿ ಕಾನೂನಿನ ಮೂಲಕವೇ ಸ್ಥಾಪನೆಯಾಯಿತು. ಯಾರ ಮುದ್ರೆ ಯಾರದು ಎಂಬುದನ್ನು ನೋಡಿಕೊಳ್ಳುವುದು ಅದರ ಕೆಲಸಗಳಲ್ಲಿ ಒಂದು. ಆದರೂ ಹತ್ತೊಂಬತ್ತನೆಯ ಶತಮಾನದಲ್ಲಿ ಜರ್ಮನಿಯ ಸೋಲಿಂಗೆನ್ ಊರಿನಿಂದ ಬಂದ ಅಗ್ಗದ ಚಾಕುಗಳ ಮೇಲೆ ಷೆಫೀಲ್ಡಿನ ಹೆಸರಿರುತ್ತಿತ್ತು. ಇಂಥ ದೂರುಗಳು ಹೆಚ್ಚಿದಾಗ ಬ್ರಿಟನ್ 1887ರಲ್ಲಿ ಸರಕು ಮುದ್ರೆಗಳ ಕಾಯಿದೆ ತಂದಿತು. ‘ಮೇಡ್ ಇನ್ ಜರ್ಮನಿ’ ಎಂಬ ಒಕ್ಕಣೆ ಹರಡಿದ್ದು ಅದರ ಫಲವಾಗಿ. ಬ್ರಿಟಿಷ್ ಇಂಡಿಯಾಕ್ಕೂ 1889ರಲ್ಲಿ ಅಂಥದೇ ಕಾಯಿದೆ ಬಂತು.

ಕಾಲ ತಿರುಗಿತು. ಸೋಲಿಂಗೆನ್ ಚಾಕುಗಳೇ ಹೆಸರುವಾಸಿಯಾದವು. ಆ ಊರಿನ ಹೆಸರನ್ನು ಬೇರೆಯವರು ಬಳಸದಂತೆ ಜರ್ಮನಿ 1938ರಲ್ಲಿ ಕಾನೂನು ಮಾಡಬೇಕಾಯಿತು!

<b>ಮುದ್ರೆಯನ್ನು ಓದುವ ಬಗೆ</b>

ಸಂಗ್ರಾಹಕನಿಗೆ ಮುದ್ರೆ ಎಂದರೆ ಜಾತಕವಿದ್ದಂತೆ. ಆಮದಾಗುವ ಸರಕಿನ ಮೇಲೆ ತಯಾರಾದ ದೇಶದ ಹೆಸರಿರಬೇಕೆಂದು ಅಮೆರಿಕ 1890ರಲ್ಲಿ ಕಾಯಿದೆ ಮಾಡಿ, ಮರುವರ್ಷ ಜಾರಿಗೆ ತಂದಿತು. ಹೀಗಾಗಿ ‘ಇಂಗ್ಲೆಂಡ್’ ಎಂಬ ಪದವಿರುವ ಚಾಕು ಸಾಮಾನ್ಯವಾಗಿ 1891ರ ಈಚಿನದು. ಪದ ಇಲ್ಲದಿದ್ದರೆ ಹಳೆಯದೇ ಎಂದು ಮಾತ್ರ ತಿಳಿಯಬಾರದು. ಬೇರೆ ದೇಶಗಳಿಗೆ ಹೋಗುವ ಸರಕಿಗೆ ಆ ನಿಯಮ ಇರಲಿಲ್ಲ.

ಅಮೆರಿಕದ ‘ಕೇಸ್’ ಕಂಪನಿಯ ಪದ್ಧತಿ ಇನ್ನೂ ಸ್ವಾರಸ್ಯಕರ. 1970ರಲ್ಲಿ ಅದು ಮುದ್ರೆಯ ಕೆಳಗೆ ಹತ್ತು ಚುಕ್ಕೆ ಒತ್ತಿತು. ವರ್ಷಕ್ಕೊಂದರಂತೆ ಚುಕ್ಕೆ ಕಳೆಯುತ್ತ 1979ಕ್ಕೆ ಒಂದೇ ಉಳಿಯಿತು. ಚುಕ್ಕೆ ಎಣಿಸಿದರೆ ಚಾಕುವಿನ ವಯಸ್ಸು ಗೊತ್ತಾಗುತ್ತದೆ. ಅದೇ ಚುಕ್ಕೆಗಳನ್ನು ಉಜ್ಜಿ ತೆಗೆದು ‘ಇದು ಇನ್ನೂ ಹಳೆಯದು’ ಎನ್ನುವವರೂ ಇದ್ದಾರೆ.

ಉಜ್ಜಿದ್ದು ಪತ್ತೆಯಾಗುವುದು ಹೇಗೆ? ಉಜ್ಜಿದ ಕಡೆ ಲೋಹ ತೆಳುವಾಗುತ್ತದೆ. ಅಲಗಿನ ಬುಡಕ್ಕೂ ಪಕ್ಕದ ಹಿತ್ತಾಳೆ ತಗಡಿಗೂ ನಡುವೆ ಸಂದು ಕಾಣುತ್ತದೆ. ಅದೇ ಚಾಕುವಿನ ಇನ್ನೊಂದು ಅಲಗಿನ ಬುಡಕ್ಕೆ ಹೋಲಿಸಿದರೆ ವ್ಯತ್ಯಾಸ ತಿಳಿಯುತ್ತದೆ. ಕಾರ್ಖಾನೆಯಲ್ಲಿ ಅಚ್ಚಿನಿಂದ ಒತ್ತಿದ ಅಕ್ಷರ ಆಳವಾಗಿ, ಅಂಚು ಚೊಕ್ಕವಾಗಿರುತ್ತದೆ. ಆಮೇಲೆ ಆಸಿಡ್ ಬಳಸಿ ಬರೆದದ್ದು ಮೇಲುಮೇಲಕ್ಕಿದ್ದು, ಅಂಚು ಕದಡಿದಂತಿರುತ್ತದೆ. ಒಂದು ಭೂತಗನ್ನಡಿ ಸಾಕು.

<b>ಸವಕಳಿ ಸುಳ್ಳಾಡದು</b>

ಮುದ್ರೆ ಪಾಸಾದರೆ ಉಳಿದ ಭಾಗಗಳ ಸರದಿ. ಐವತ್ತು ವರ್ಷ ಜೇಬಿನಲ್ಲಿದ್ದ ಚಾಕು ಎಲ್ಲ ಕಡೆಯೂ ಒಂದು ಲೆಕ್ಕದಲ್ಲಿ ಸವೆದಿರಬೇಕು. ಹಿಡಿ ನುಣುಪಾಗಿದ್ದರೆ ಅಲಗೂ ಸಾಣೆ ಕಂಡು ಸ್ವಲ್ಪ ಕಿರಿದಾಗಿರಬೇಕು. ಅಜ್ಜನ ಹಿಡಿಗೆ ಮೊಮ್ಮಗನ ಅಲಗು ಕೂಡಿದ್ದರೆ ಅಲಗು ಬದಲಾಗಿದೆ ಎಂದೇ ಅರ್ಥ. ಹಿಡಿಯ ಮೊಳೆಗಳಲ್ಲಿ ಒಂದು ಮಾತ್ರ ಹೊಳೆಯುತ್ತಿದ್ದರೆ ಯಾರೋ ಅದನ್ನು ಬಿಚ್ಚಿ ಮತ್ತೆ ಜೋಡಿಸಿದ್ದಾರೆ.

ಬಣ್ಣವನ್ನೂ ನೋಡಬೇಕು. ಬಳಕೆಯಲ್ಲಿದ್ದ ಹಳೆಯ ಉಕ್ಕು ನಿಧಾನವಾಗಿ ಬೂದುಗಪ್ಪಾಗುತ್ತದೆ. ಉಪ್ಪುನೀರು, ಆಸಿಡ್‌ನಲ್ಲಿ ಅದ್ದಿ ಅವಸರದಲ್ಲಿ ಹಿಡಿಸಿದ ತುಕ್ಕು ಕೆಂಪಗೆ, ಕೈಯಾಡುವ ಜಾಗ, ಆಡದ ಜಾಗ ಎನ್ನದೆ ಎಲ್ಲೆಡೆ ಹರಡಿರುತ್ತದೆ.

ಹಿಡಿ ಮೂಳೆಯದೋ ಪ್ಲಾಸ್ಟಿಕ್ಕಿನದೋ ತಿಳಿಯಲು ಕಾಯಿಸಿದ ಸೂಜಿ ಚುಚ್ಚುವ ಪರೀಕ್ಷೆಯೊಂದಿದೆ. ದಯವಿಟ್ಟು ಅದಕ್ಕೆ ಹೋಗಬೇಡಿ. ಹಳೆಯ ಚಾಕುಗಳ ಹಿಡಿಯಲ್ಲಿ ಸೆಲ್ಯುಲಾಯ್ಡ್ ಬಳಕೆ ಸಾಮಾನ್ಯ. ಅದು ಭಗ್ಗನೆ ಹೊತ್ತಿಕೊಳ್ಳುವ ವಸ್ತು. ಮೂಳೆಯಾದರೆ ಸೂಕ್ಷ್ಮ ರಂಧ್ರ, ಗೆರೆಗಳು ಭೂತಗನ್ನಡಿಯಲ್ಲೇ ಕಾಣುತ್ತವೆ. ಆನೆದಂತದ ಹಿಡಿ ಎಂದು ಮಾರುವವನು ಹೇಳಿದರೆ ಅಲ್ಲಿಂದ ಎದ್ದು ಬರುವುದು ಲೇಸು. ಮಾತು ನಿಜವಾದರೂ ಕಷ್ಟವೇ. ನಮ್ಮ ವನ್ಯಜೀವಿ ಸಂರಕ್ಷಣಾ ಕಾಯಿದೆಯಡಿ ದಂತದ ವ್ಯಾಪಾರ ನಿಷಿದ್ಧ.

ಎಲ್ಲ ಹೊಸ ಪ್ರತಿಯೂ ಮೋಸವಲ್ಲ. ಅಮೆರಿಕದ ರೆಮಿಂಗ್ಟನ್ ಕಂಪನಿ ತನ್ನ ಹಳೆಯ ‘ಬುಲೆಟ್’ ಚಾಕುಗಳ ಮಾದರಿಗಳನ್ನು 1982ರಿಂದ ತಾನೇ ಮತ್ತೆ ಹೊರತಂದಿತು. ಅವು ಪ್ರಾಮಾಣಿಕ ಸರಕು. ಅವಕ್ಕೆ ತುಕ್ಕು ಹಿಡಿಸಿ 1920ರ ದಶಕದ್ದೆಂದು ಮಾರಿದಾಗ ಮೋಸ ಶುರುವಾಗುತ್ತದೆ.

<b>ಕೈಗಳ ಲೆಕ್ಕ</b>

ಕಳೆದುಹೋಗುವುದು ಹಣ ಮಾತ್ರವಲ್ಲ. ಆ ಕಾಲದ ಷೆಫೀಲ್ಡಿನಲ್ಲಿ ಸಾಣೆ ಹಿಡಿಯುತ್ತಿದ್ದ ಎಷ್ಟೋ ಕಾರ್ಮಿಕರು ಕಲ್ಲು, ಉಕ್ಕಿನ ಧೂಳು ಕುಡಿದು, ಶ್ವಾಸಕೋಶ ಕೆಟ್ಟು ಚಿಕ್ಕ ವಯಸ್ಸಿನಲ್ಲೇ ಸತ್ತರು. ಚಾಕುವಿನ ಮೇಲೆ ಅವರ ಹೆಸರಿರುವುದಿಲ್ಲ, ಯಜಮಾನನ ಮುದ್ರೆ ಮಾತ್ರ ಇರುತ್ತದೆ. ಅವರ ದುಡಿಮೆಗೆ ಉಳಿದಿರುವ ಗುರುತು ಆ ಚಾಕು ಒಂದೇ. ಮುದ್ರೆ ಉಜ್ಜಿ ಬೇರೆ ಹೆಸರು ಬರೆದವನು ಆ ಗುರುತನ್ನೂ ಅಳಿಸುತ್ತಾನೆ. ಹೊಳಪು ಬರಲೆಂದು ಹಳೆಯ ಚಾಕುವನ್ನು ಯಂತ್ರಕ್ಕೆ ಕೊಟ್ಟು ಮೆರುಗು ಹಾಕಿಸುವ ಸಾಚಾ ಮಾಲೀಕನೂ ತಿಳಿಯದೆ ಮಾಡುವುದು ಅದನ್ನೇ.

ನಿಮ್ಮ ಮನೆಯ ಹಳೆಯ ಪೆಟ್ಟಿಗೆಯಲ್ಲಿ ತಾತನ ಚಾಕು ಸಿಕ್ಕರೆ ಉಜ್ಜಲು ಹೋಗಬೇಡಿ. ಒಣಬಟ್ಟೆಯಲ್ಲಿ ಒರೆಸಿ, ಒಂದು ಹನಿ ಎಣ್ಣೆ ಸವರಿ ಇಡಿ. ಅಂಗಡಿಯಲ್ಲಿ ಕೊಳ್ಳುವುದಾದರೆ ಹಗಲು ಬೆಳಕಿಗೆ ತಂದು, ಎಲ್ಲ ಅಲಗುಗಳನ್ನೂ ಬಿಚ್ಚಿಸಿ ನೋಡಿ. ಮುದ್ರೆ, ಉಕ್ಕು, ಹಿಡಿ, ಸವಕಳಿ ನಾಲ್ಕೂ ಒಂದೇ ಮಾತು ಹೇಳುತ್ತಿವೆಯೇ? ಒಂದು ಬೇರೆ ಹೇಳಿದರೂ ಚಾಕುವನ್ನು ಮಡಚಿ ಹಿಂದಿರುಗಿಸಿ ಬನ್ನಿ.