ಕಯಾಕ್ ಮೀನುಗಾರಿಕೆ : ಸಾಹಸ ಮತ್ತು ಎಚ್ಚರ

ಕಯಾಕ್ ಎಂಬುದು ಉತ್ತರ ಧ್ರುವಪ್ರದೇಶದ ಇನ್ಯೂಯಿಟ್ ಜನರು ಸೀಲ್ ಬೇಟೆಗೆಂದು ರೂಪಿಸಿಕೊಂಡ ಕಿರುದೋಣಿ. ಇಂದು ಬ್ರಿಟನ್ನಿನ ಕರಾವಳಿಯಲ್ಲಿ ಪ್ಲಾಸ್ಟಿಕ್ ಕಯಾಕ್‌ಗಳಲ್ಲಿ ಒಬ್ಬೊಬ್ಬರೇ ಹುಟ್ಟುಹಾಕುತ್ತ ಕಡಲಿಗಿಳಿದು ಗಾಳದಿಂದ ಮೀನು ಹಿಡಿಯುವವರು ಅನೇಕರು.

ಇವರಿಗೆ ಅಲೆಗಿಂತಲೂ ವಂಚಕವಾದುದು ನೆಲದಿಂದ ಕಡಲಿನತ್ತ ಬೀಸುವ ಗಾಳಿ. ದಡದ ಬಂಡೆಗಳ ಮರೆಯಲ್ಲಿ ನೀರು ಶಾಂತವಾಗಿ ತೋರುವುದರಿಂದ ಹೊರಡುವುದು ಸುಲಭ. ದೂರ ಸರಿದಂತೆ ಮರೆ ತಪ್ಪಿ ಗಾಳಿ ಬಲಿಯುತ್ತದೆ. ಮರಳುವಾಗ ಅದೇ ಎದುರಾಗಿ, ದಣಿದ ತೋಳುಗಳು ಸೋಲುತ್ತವೆ.

ಎರಡನೆಯ ಅಪಾಯ ಚಳಿ. ಅಲ್ಲಿನ ಸಮುದ್ರದ ಸರಾಸರಿ ಉಷ್ಣತೆ ಸುಮಾರು 12 ಡಿಗ್ರಿ ಸೆಲ್ಸಿಯಸ್. 15 ಡಿಗ್ರಿಗಿಂತ ತಣ್ಣನೆಯ ನೀರಿಗೆ ಥಟ್ಟನೆ ಬಿದ್ದವರ ಉಸಿರು ಹತೋಟಿ ತಪ್ಪುತ್ತದೆ. ಈಜು ಬಲ್ಲವರೂ ನೀರು ಕುಡಿದು ಮುಳುಗಬಹುದು. ಆದುದರಿಂದ, ಬಿದ್ದೊಡನೆ ಈಜಲು ಹೆಣಗದೆ ಅಂಗಾತ ತೇಲಿ ಉಸಿರನ್ನು ಸ್ಥಿಮಿತಕ್ಕೆ ತಂದುಕೊಳ್ಳಬೇಕೆಂದು, 1824ರಲ್ಲಿ ಸ್ಥಾಪಿತವಾದ ಅಲ್ಲಿನ ಜೀವರಕ್ಷಕ ದೋಣಿ ಸಂಸ್ಥೆಯು ಬೋಧಿಸುತ್ತದೆ.

ತೇಲುಕವಚ, ಚಳಿ ತಡೆಯುವ ಉಡುಪು, ರೇಡಿಯೊ ಇವು ಮೈಮೇಲೆಯೇ ಇರಬೇಕು. ಏಕೆಂದರೆ ಕೈಬಿಟ್ಟ ಹಗುರ ದೋಣಿಯನ್ನು ಗಾಳಿ ಕ್ಷಣದಲ್ಲಿ ಒಯ್ಯುತ್ತದೆ. ಸಂಕಟದ ಕರೆಗೆ ರೇಡಿಯೊದ 16ನೆಯ ಚಾನೆಲ್ ಬಳಸಬೇಕು. ಮಗುಚಿದ ದೋಣಿಯನ್ನು ನೇರಗೊಳಿಸಿ ಮತ್ತೆ ಏರುವ ಅಭ್ಯಾಸವು ದಡದ ಬಳಿಯಲ್ಲಿಯೇ ಆಗಿರತಕ್ಕದ್ದು. ಗಾಳಿಯ ದಿಕ್ಕನ್ನರಿತು ಅಂದು ಹೊರಡದೆ ಉಳಿಯುವುದೂ ಈ ವಿದ್ಯೆಯ ಒಂದು ಪಾಠವೇ ಆಗಿದೆ.