ಮನೆಯ ಕೋಳಿ ಮೇವು ಬಿಟ್ಟಾಗ

ಕಳೆದ ಮಳೆಗಾಲದ ಒಂದು ಶುಕ್ರವಾರ. ಜುಮಾ ಮುಗಿದು ಜನರೆಲ್ಲ ಹೊರಟಿದ್ದರು. ಮದ್ರಸದ ನಾಲ್ಕನೇ ತರಗತಿಯ ಹುಡುಗನೊಬ್ಬ ಮಸೀದಿಯ ಗೇಟಿನ ಹೊರಗೆ ಬುಟ್ಟಿ ಹಿಡಿದು ನಿಂತಿದ್ದ. ಬುಟ್ಟಿಯೊಳಗೆ ಕಂದು ಬಣ್ಣದ ಊರ ಹೇಂಟೆ. ಕಣ್ಣು ಅರ್ಧ ಮುಚ್ಚಿತ್ತು, ಗರಿಗಳು ಕೆದರಿದ್ದವು.

"ಎಂತ ಆಯಿತು ಮಗಾ?" ಎಂದು ಕೇಳಿದೆ.

"ಉಸ್ತಾದ್, ಇದು ಎರಡು ದಿನದಿಂದ ಎಂತದೂ ತಿನ್ನುವುದಿಲ್ಲ. ನೀರು ಊದಿಸಿಕೊಂಡು ಬಾ ಅಂತ ಉಮ್ಮ ಹೇಳಿದ್ದಾರೆ."

ದುಆ ಮಾಡಿದೆ. ಆಮೇಲೆ ಕೋಳಿಯನ್ನು ಮೆಲ್ಲನೆ ಎತ್ತಿ ಅದರ ಎದೆಯನ್ನು ಮುಟ್ಟಿ ನೋಡಿದೆ. ಕತ್ತಿನ ಬುಡದಲ್ಲಿ ನಿಂಬೆಹಣ್ಣಿಗಿಂತ ದೊಡ್ಡ ಗಟ್ಟಿ ಗಂಟು. "ಮಗಾ, ದುಆ ಆಯಿತು. ಈಗ ಇದಕ್ಕೆ ಮದ್ದೂ ಆಗಬೇಕು" ಎಂದೆ. ಒಂಟೆಯನ್ನು ಕಟ್ಟಿ ತವಕ್ಕುಲ್ ಮಾಡಲೇ, ಬಿಟ್ಟು ಮಾಡಲೇ ಎಂದು ಕೇಳಿದವರಿಗೆ, ಮೊದಲು ಕಟ್ಟು, ಆಮೇಲೆ ಅಲ್ಲಾಹನ ಮೇಲೆ ಭರವಸೆಯಿಡು ಎಂಬ ಅರ್ಥದಲ್ಲಿ ಪ್ರವಾದಿವರ್ಯರು(ಸ) ಉತ್ತರಿಸಿದ್ದನ್ನು ನಾವು ಎಷ್ಟು ಸಲ ಕೇಳಿಲ್ಲ! ರೋಗಕ್ಕೂ ಅದೇ ನಿಯಮ.

ಆ ಗಂಟನ್ನು ಮುಟ್ಟಿ ನೋಡಬೇಕೆಂಬುದು ನನಗೆ ತಿಳಿದದ್ದು ಒಂದು ತಪ್ಪಿನಿಂದ. ಕೆಲವು ವರ್ಷಗಳ ಹಿಂದೆ ನಮ್ಮ ಮನೆಯ ಕೋಳಿಯೊಂದರ ಎದೆ ನೀರು ತುಂಬಿದ ಚೀಲದಂತೆ ಊದಿಕೊಂಡಿತ್ತು. ಬಾಯಿಯಿಂದ ಹುಳಿ ವಾಸನೆ ಬರುತ್ತಿತ್ತು. ತಲೆಕೆಳಗೆ ಹಿಡಿದು ಒತ್ತಿದರೆ ಎಲ್ಲ ಹೊರಗೆ ಬರುತ್ತದೆ ಎಂದು ಯಾರೋ ಹೇಳಿದರು. ನಾನು ಹಾಗೆಯೇ ಮಾಡಿದೆ. ನೀರು ಬಂತು ನಿಜ. ಆದರೆ ಕೋಳಿ ನಾಲ್ಕಾರು ಸಲ ಬಾಯಿ ತೆರೆದು ಉಸಿರಿಗಾಗಿ ಒದ್ದಾಡಿ ನನ್ನ ಕೈಯಲ್ಲೇ ಸತ್ತಿತು. ಮಗಳು ಪಕ್ಕದಲ್ಲಿ ನಿಂತು ನೋಡುತ್ತಿದ್ದಳು. ಮೇಲೆ ಬಂದ ನೀರು ಶ್ವಾಸನಾಳಕ್ಕೆ ಇಳಿದಿರಬೇಕು ಎಂದು ನಂತರ ಪಶುವೈದ್ಯರು ವಿವರಿಸಿದರು. ಗೊತ್ತಿಲ್ಲದೆ ಮಾಡಿದ್ದು ಎಂದು ಸಮಾಧಾನ ಹೇಳಿಕೊಳ್ಳಬಹುದು. ಆದರೆ ಗೊತ್ತಿದ್ದವರನ್ನು ಕೇಳದೇ ಇದ್ದದ್ದು ನನ್ನದೇ ತಪ್ಪು. ಅದೇ ತಪ್ಪು ಇನ್ನೊಂದು ಮನೆಯಲ್ಲಿ ಆಗದಿರಲಿ ಎಂದು ಈ ಬರಹ.

ಸಾಕಿದವನ ಹೊಣೆ

ಭೂಮಿಯ ಮೇಲೆ ನಡೆಯುವ, ರೆಕ್ಕೆ ಬೀಸಿ ಹಾರುವ ಜೀವಿಗಳೆಲ್ಲ ನಿಮ್ಮಂತೆಯೇ ಸಮುದಾಯಗಳು ಎಂಬ ಆಶಯ ಸೂರಃ ಅಲ್ ಅನ್‌ಆಮ್‌ನಲ್ಲಿದೆ. ಬೆಕ್ಕನ್ನು ಕಟ್ಟಿಹಾಕಿ ಅನ್ನವನ್ನೂ ಕೊಡದೆ, ತಾನೇ ಹುಡುಕಿ ತಿನ್ನಲೂ ಬಿಡದೆ ಸಾಯಿಸಿದ ಸ್ತ್ರೀ ಶಿಕ್ಷೆಗೆ ಗುರಿಯಾದದ್ದೂ, ಬಾಯಾರಿದ ನಾಯಿಗೆ ಬಾವಿಗಿಳಿದು ನೀರು ತಂದವನು ಕ್ಷಮೆ ಪಡೆದದ್ದೂ ನಮಗೆ ಗೊತ್ತಿರುವ ಹದೀಸ್‌ಗಳು. ಸಾಕಿದ ಪ್ರಾಣಿಗೆ ಮೇವು ನೀರು ಕೊಡುವುದು ಒಡೆಯನ ಮೇಲೆ ಕಡ್ಡಾಯ ಎಂದು ಫುಕಹಾಗಳು ಹೇಳಿದ್ದಾರೆ. ಸಾಧ್ಯವಾಗದಿದ್ದರೆ ಮಾರಬೇಕು, ಅಥವಾ ತಿನ್ನಬಹುದಾದ ಪ್ರಾಣಿಯಾದರೆ ಝಬಹ್ ಮಾಡಬೇಕು. ಹಸಿವಿನಲ್ಲಿ ನರಳಲು ಬಿಡುವಂತಿಲ್ಲ.

ಕೋಳಿಯ ಮೇವಿನ ಚೀಲ ಕಟ್ಟಿಕೊಂಡರೆ ನಾವು ಎಷ್ಟು ಅಕ್ಕಿ ಚೆಲ್ಲಿದರೂ ಅದು ಹಸಿದೇ ಇರುತ್ತದೆ. ಮುಂದೆ ಕಾಳಿದೆ, ಒಳಗೆ ಹೋಗುವ ದಾರಿಯಿಲ್ಲ. ಅದನ್ನು ಬಾಯಿಬಿಟ್ಟು ಹೇಳಲೂ ಅದಕ್ಕೆ ಬರುವುದಿಲ್ಲ.

ತಿಂದದ್ದು ಎಲ್ಲಿಗೆ ಹೋಗುತ್ತದೆ?

ಕೋಳಿಗೆ ಹಲ್ಲಿಲ್ಲ. ಕುಕ್ಕಿದ್ದನ್ನು ಹಾಗೆಯೇ ನುಂಗುತ್ತದೆ. ನುಂಗಿದ್ದು ಮೊದಲು ಕತ್ತಿನ ಬುಡದಲ್ಲಿ, ಎದೆಯ ತುಸು ಬಲಕ್ಕೆ, ಚರ್ಮದ ಅಡಿಯಲ್ಲಿರುವ ಚೀಲದಲ್ಲಿ ಸೇರುತ್ತದೆ. ವೈದ್ಯರು ಇದನ್ನು ಕ್ರಾಪ್ ಎನ್ನುತ್ತಾರೆ, ನಾವು ಮೇವಿನ ಚೀಲ ಎನ್ನೋಣ. ಅಲ್ಲಿ ಕಾಳು ನೆನೆದು ಮೆತ್ತಗಾಗುತ್ತದೆ. ಅಲ್ಲಿಂದ ಸ್ವಲ್ಪ ಸ್ವಲ್ಪವಾಗಿ ಜೀರ್ಣರಸ ಸುರಿಯುವ ಹೊಟ್ಟೆಗೆ, ನಂತರ ದಪ್ಪ ಸ್ನಾಯುಗಳ ಇನ್ನೊಂದು ಹೊಟ್ಟೆಗೆ ಹೋಗುತ್ತದೆ. ಕೋಳಿ ನುಂಗಿದ ಸಣ್ಣ ಕಲ್ಲುಗಳು ಈ ಎರಡನೇ ಹೊಟ್ಟೆಯಲ್ಲಿರುತ್ತವೆ. ಅದೇ ಅದರ ಬೀಸುವ ಕಲ್ಲು. ಅರೆದದ್ದು ಕರುಳಿಗೆ ಇಳಿಯುತ್ತದೆ.

ಆದ್ದರಿಂದ ಸಂಜೆ ಗೂಡು ಸೇರುವಾಗ ಮೇವಿನ ಚೀಲ ಉಬ್ಬಿರುವುದು ಸಹಜ. ರಾತ್ರಿಯಿಡೀ ಅದು ಖಾಲಿಯಾಗಿ ಬೆಳಿಗ್ಗೆ ಚಪ್ಪಟೆಯಾಗಿರಬೇಕು. ಪರೀಕ್ಷೆಯೂ ಇಷ್ಟೇ. ರಾತ್ರಿ ಗೂಡಿನಲ್ಲಿ ಮೇವು ಇಡಬೇಡಿ. ಬೆಳಿಗ್ಗೆ ಕಾಳು ಹಾಕುವ ಮೊದಲು ಮುಟ್ಟಿ ನೋಡಿ. ಆಗಲೂ ತುಂಬಿದ್ದರೆ ತೊಂದರೆ ಇದೆ ಎಂದರ್ಥ.

ಮೂರು ಬಗೆಯ ತೊಂದರೆ

ಮೊದಲನೆಯದು, ಚೀಲ ಕಟ್ಟಿಕೊಳ್ಳುವುದು. ಮುಟ್ಟಿದರೆ ಗಟ್ಟಿಯಾದ ಹಿಟ್ಟಿನ ಮುದ್ದೆಯಂತೆ ಅಥವಾ ಚೆಂಡಿನಂತೆ ಇರುತ್ತದೆ. ಉದ್ದ ಹುಲ್ಲು, ಬೈಹುಲ್ಲು, ತೆಂಗಿನ ನಾರು, ಪ್ಲಾಸ್ಟಿಕ್ ಗೋಣಿಯ ಎಳೆ, ರಬ್ಬರ್ ಬ್ಯಾಂಡ್ ಇವೆಲ್ಲ ಒಳಗೆ ಹೆಣೆದುಕೊಂಡು ದಾರಿ ಕಟ್ಟುತ್ತವೆ. ಹಸಿದಿದ್ದ ಕೋಳಿ ಒಮ್ಮೆಲೇ ಹೊಟ್ಟೆ ಬಿರಿಯೆ ತಿಂದರೂ ಹೀಗಾಗಬಹುದು.

ಎರಡನೆಯದು, ಚೀಲ ಹುಳಿಯುವುದು. ಮುಟ್ಟಿದರೆ ನೀರು ತುಂಬಿದ ಬಲೂನಿನಂತೆ ಮೆತ್ತಗಿರುತ್ತದೆ, ಬಾಯಿಯಿಂದ ಹುಳಿ ನಾತ ಬರುತ್ತದೆ. ಒಳಗಿನ ಆಹಾರ ಮುಂದಕ್ಕೆ ಹೋಗದೆ ಕೊಳೆತು, ಕ್ಯಾಂಡಿಡಾ ಎಂಬ ಶಿಲೀಂಧ್ರ ಬೆಳೆಯುವುದರಿಂದ ಇದು ಆಗುತ್ತದೆ. ಬೂಸು ಹಿಡಿದ ಮೇವು ಒಂದು ಕಾರಣ. ವೈದ್ಯರನ್ನು ಕೇಳದೆ ಆ್ಯಂಟಿಬಯಾಟಿಕ್ ಕೊಡುವುದು ಇನ್ನೊಂದು, ಏಕೆಂದರೆ ಅದು ಒಳ್ಳೆಯ ಬ್ಯಾಕ್ಟೀರಿಯಾಗಳನ್ನೂ ಕೊಂದು ಶಿಲೀಂಧ್ರಕ್ಕೆ ಜಾಗ ಮಾಡಿಕೊಡುತ್ತದೆ. ಮನೆಯಲ್ಲಿ ಮಕ್ಕಳಿಗೆ ತಂದು ಉಳಿದ ಮಾತ್ರೆಯನ್ನು ಪುಡಿ ಮಾಡಿ ಕೋಳಿಗೆ ಹಾಕುವವರು ಇದನ್ನು ಗಮನಿಸಬೇಕು.

ಮೂರನೆಯದು, ಚೀಲ ಜೋತುಬೀಳುವುದು. ಮತ್ತೆ ಮತ್ತೆ ಹಿಗ್ಗಿ ಸ್ನಾಯು ಸಡಿಲವಾದ ಚೀಲ ಎದೆಯಿಂದ ಕೆಳಗೆ ತೂಗುತ್ತದೆ. ಇದು ಪೂರ್ತಿ ವಾಸಿಯಾಗುವುದು ಕಷ್ಟ. ಮೆತ್ತಗಿನ ಮೇವನ್ನು ದಿನಕ್ಕೆ ನಾಲ್ಕೈದು ಸಲ ಸ್ವಲ್ಪ ಸ್ವಲ್ಪವೇ ಕೊಟ್ಟು ನೋಡಿಕೊಂಡರೆ ಕೋಳಿ ಬದುಕುತ್ತದೆ.

ಮನೆಯಲ್ಲಿ ಏನು ಮಾಡಬಹುದು?

ಮೊದಲು ಕೋಳಿಯನ್ನು ಬೇರೆ ಮಾಡಿ. ಬುಟ್ಟಿ ಅಥವಾ ರಟ್ಟಿನ ಪೆಟ್ಟಿಗೆಯಲ್ಲಿ ಹಳೆಯ ಬಟ್ಟೆ ಹಾಸಿ ಬೆಚ್ಚಗಿಡಿ. ಹುಲ್ಲು ಹಾಸಬೇಡಿ, ಅದನ್ನೂ ತಿಂದೀತು. ಮೇವು ತೆಗೆಯಿರಿ, ಆದರೆ ಶುದ್ಧ ನೀರು ಎದುರಿಗೇ ಇರಲಿ. ಒಂದು ದಿನಕ್ಕಿಂತ ಹೆಚ್ಚು ಉಪವಾಸ ಬಿಡಬಾರದು. ಕೋಳಿಯ ದೇಹದ ಬಿಸಿ ಸುಮಾರು 41 ಡಿಗ್ರಿ ಸೆಲ್ಸಿಯಸ್. ಅಷ್ಟು ಬಿಸಿಯಾಗಿರುವ ಸಣ್ಣ ದೇಹ ಮೇವಿಲ್ಲದೆ ಬೇಗ ಸೊರಗುತ್ತದೆ. ಎದೆಯ ಮೂಳೆ ಕತ್ತಿಯ ಅಲಗಿನಂತೆ ಕೈಗೆ ಸಿಕ್ಕಿದರೆ ಆಗಲೇ ತಡವಾಗಿದೆ ಎಂದು ತಿಳಿಯಿರಿ.

ಚೀಲ ಗಟ್ಟಿಯಾಗಿದ್ದರೆ ಎರಡು ಮೂರು ಮಿಲಿಲೀಟರ್ ತೆಂಗಿನೆಣ್ಣೆಯನ್ನು ಉಗುರುಬೆಚ್ಚಗೆ ಮಾಡಿ, ಡ್ರಾಪರಿನಲ್ಲಿ ಕೊಕ್ಕಿನ ಬದಿಯಿಂದ ಒಂದೊಂದೇ ಹನಿ ಬಿಡಿ. ಹನಿ ನುಂಗಿದ ಮೇಲೆಯೇ ಮುಂದಿನ ಹನಿ. ಉಸಿರಿನ ದ್ವಾರ ನಾಲಿಗೆಯ ಬುಡದಲ್ಲೇ ಇರುವುದರಿಂದ ಅವಸರ ಬೇಡ. ಆಮೇಲೆ ಕೋಳಿಯನ್ನು ನೇರವಾಗಿ ಕಂಕುಳಲ್ಲಿ ಹಿಡಿದು, ಐದು ನಿಮಿಷ ಚೀಲವನ್ನು ಬೆರಳುಗಳಿಂದ ಹಿಟ್ಟು ನಾದುವಂತೆ ಮೆಲ್ಲನೆ ನಾದಿ. ದಿನಕ್ಕೆ ಮೂರು ನಾಲ್ಕು ಸಲ ಹೀಗೆ ಮಾಡಿ. ಮುದ್ದೆ ಸಡಿಲವಾಗುತ್ತಾ ಬಂದರೆ ಒಳ್ಳೆಯ ಲಕ್ಷಣ. ಒಂದು ದಿನ ಕಳೆದರೂ ಬದಲಾಗದಿದ್ದರೆ ಪಶು ಆಸ್ಪತ್ರೆಗೆ ಒಯ್ಯಿರಿ.

ಚೀಲ ನೀರಾಗಿದ್ದು ಹುಳಿ ವಾಸನೆ ಇದ್ದರೆ ನಾದಬೇಡಿ, ಒತ್ತಬೇಡಿ, ಎಣ್ಣೆಯನ್ನೂ ಹಾಕಬೇಡಿ. ಅದಕ್ಕೆ ಬೇಕಾದ ಶಿಲೀಂಧ್ರನಾಶಕ ಔಷಧ ಮತ್ತು ಅದರ ಪ್ರಮಾಣವನ್ನು ವೈದ್ಯರೇ ಹೇಳಬೇಕು. ಯಾವ ಬಗೆಯ ತೊಂದರೆಯಾದರೂ ತಲೆಕೆಳಗೆ ಹಿಡಿದು ವಾಂತಿ ಮಾಡಿಸಬೇಡಿ. ನಾನು ಮಾಡಿದ್ದನ್ನು ಮೇಲೆ ಹೇಳಿದ್ದೇನೆ. ಅಗತ್ಯವಿದ್ದರೆ ವೈದ್ಯರು ಕೊಳವೆ ಇಳಿಸಿ ಚೀಲ ತೊಳೆಯುತ್ತಾರೆ, ಇಲ್ಲವೇ ಮರಗಟ್ಟುವ ಚುಚ್ಚುಮದ್ದು ಕೊಟ್ಟು ಚಿಕ್ಕದಾಗಿ ಕೊಯ್ದು ಒಳಗಿನದನ್ನು ತೆಗೆದು ಹೊಲಿಗೆ ಹಾಕುತ್ತಾರೆ. ದೂರದ ಹಳ್ಳಿಯವರು ಪಶು ಸಹಾಯವಾಣಿ 1962ಕ್ಕೆ ಕರೆ ಮಾಡಿ ಸಲಹೆ ಕೇಳಬಹುದು.

ಚೀಲ ಖಾಲಿಯಾದ ಮೇಲೆ ಕೂಡಲೇ ಅಕ್ಕಿ, ಜೋಳ ಹಾಕಬೇಡಿ. ನೀರಿನಲ್ಲಿ ನೆನೆಸಿದ ಕೋಳಿ ಮೇವು, ಹಿಸುಕಿದ ಬೇಯಿಸಿದ ಮೊಟ್ಟೆ ಇವನ್ನು ಎರಡು ಮೂರು ದಿನ ಸ್ವಲ್ಪ ಸ್ವಲ್ಪವಾಗಿ ಕೊಡಿ. ಬ್ರೆಡ್ ಬೇಡ, ಅದು ಒಳಗೆ ಅಂಟಿನ ಮುದ್ದೆಯಾಗುತ್ತದೆ.

ಹಿಕ್ಕೆಯನ್ನೂ ನೋಡಿ

ಆರೋಗ್ಯವಂತ ಕೋಳಿಯ ಹಿಕ್ಕೆ ಕಂದು ಬಣ್ಣದ್ದಾಗಿದ್ದು ಮೇಲೆ ಬಿಳಿ ಟೊಪ್ಪಿ ಇರುತ್ತದೆ. ಆ ಬಿಳಿ ಭಾಗವೇ ಅದರ ಮೂತ್ರ. ನಡುನಡುವೆ ಒಮ್ಮೆ ಅಂಟಂಟಾದ, ನಾತ ಬೀರುವ ಕಡುಕಂದು ಹಿಕ್ಕೆ ಬಿದ್ದರೆ ಹೆದರಬೇಡಿ, ಅದೂ ಸಹಜ. ಸೆಕೆಗೆ ಹೆಚ್ಚು ನೀರು ಕುಡಿದಾಗ ಹಿಕ್ಕೆ ನೀರಾಗುತ್ತದೆ. ಆದರೆ ಮರಿಗಳ ಹಿಕ್ಕೆಯಲ್ಲಿ ರಕ್ತ ಕಂಡರೆ ಅದು ಕಾಕ್ಸಿಡಿಯೋಸಿಸ್ ಇರಬಹುದು, ಅದೇ ದಿನ ಔಷಧ ಬೇಕು. ಹುಳ ಕಂಡರೆ ಜಂತುನಾಶಕ ಕೊಡಿಸಿ. ಹಸಿರು ಭೇದಿಯೊಂದಿಗೆ ಬಾಯಿ ತೆರೆದು ಉಸಿರಾಡುವುದು, ಕತ್ತು ತಿರುಚುವುದು ಕಂಡರೆ ಅದು ಚೀಲದ ತೊಂದರೆಯಲ್ಲ. ಕೊಕ್ಕರೆ ರೋಗ, ಅಂದರೆ ರಾಣಿಖೇತ್ ಇರಬಹುದು. ಅದಕ್ಕೆ ಲಸಿಕೆ ಇದೆ, ಬಂದ ಮೇಲೆ ಮದ್ದಿಲ್ಲ. ಹಲವು ಕೋಳಿಗಳು ಒಮ್ಮೆಲೇ ಸತ್ತರೆ ಮುಟ್ಟದೆ, ಮಾರದೆ ಪಶುಪಾಲನಾ ಇಲಾಖೆಗೆ ತಿಳಿಸಿ.

ಕಾಯಿಲೆಯ ಕೋಳಿಯನ್ನು ಮುಟ್ಟಿದ ಮೇಲೆ ಸೋಪಿನಿಂದ ಕೈ ತೊಳೆಯುವುದನ್ನು ಮಕ್ಕಳಿಗೆ ಕಲಿಸಿ. ಶಾಫಿಈ, ಹನಫಿ ಎರಡೂ ಮದ್ಹಬ್‌ಗಳಲ್ಲಿ ಕೋಳಿಯ ಹಿಕ್ಕೆ ನಜಸ್. ಬಟ್ಟೆಗೆ ತಾಗಿದ್ದರೆ ನಮಾಝಿಗೆ ಮೊದಲು ತೊಳೆಯಬೇಕು.

"ಉಸ್ತಾದ್, ಸಾಯುವ ಮೊದಲು ಕೊಯ್ದುಬಿಡಬಹುದಾ?"

ಈ ಪ್ರಶ್ನೆಯನ್ನು ನನ್ನಲ್ಲಿ ಬಹಳ ಮಂದಿ ಕೇಳುತ್ತಾರೆ. ಜೀವ ಇರುವಾಗ ನಿಯಮದಂತೆ ಝಬಹ್ ಮಾಡಿದರೆ ಝಬಹ್ ಸಿಂಧು. ಆದರೆ ಝಬಹ್ ಸಿಂಧುವಾದ ಮಾತ್ರಕ್ಕೆ ತಿನ್ನಲು ಯೋಗ್ಯ ಎಂದಾಗುವುದಿಲ್ಲ. ಹಾನಿ ಮಾಡುವ ಆಹಾರವನ್ನು ತಿನ್ನಬಾರದು, ಇತರರಿಗೂ ತಿನ್ನಿಸಬಾರದು. ಸಾಂಕ್ರಾಮಿಕ ರೋಗದ ಸಂಶಯ ಇರುವ ಕೋಳಿಯನ್ನು ಅಡುಗೆಮನೆಗೆ ತರಬೇಡಿ. ಔಷಧ ಕೊಟ್ಟಿದ್ದರೆ ಮಾಂಸವನ್ನೂ ಮೊಟ್ಟೆಯನ್ನೂ ಎಷ್ಟು ದಿನ ಬಿಡಬೇಕೆಂದು ವೈದ್ಯರನ್ನು ಕೇಳಿ, ಅಷ್ಟು ದಿನ ಬಿಡಿ. ತಾನಾಗಿ ಸತ್ತದ್ದು ಶವ, ಅದನ್ನು ಆಳವಾಗಿ ಹೂಳಬೇಕು. ಗುಣವಾಗುವ ದಾರಿಯೇ ಇಲ್ಲದೆ ನರಳುತ್ತಿದ್ದರೆ ಹರಿತವಾದ ಕತ್ತಿಯಿಂದ, ಬೇರೆ ಕೋಳಿಗಳ ಕಣ್ಣೆದುರಿನಿಂದ ದೂರದಲ್ಲಿ, ಬೇಗ ಮುಗಿಸಿ. ಆದರೆ ಒಂದು ದಿನದ ಆರೈಕೆಯಿಂದ ಗುಣವಾಗುವ ಜೀವವನ್ನು ನಮ್ಮ ಸೋಮಾರಿತನಕ್ಕೆ ಕೊಯ್ಯುವುದು ಸರಿಯೇ ಎಂದು ಪ್ರತಿಯೊಬ್ಬರೂ ತಮ್ಮನ್ನೇ ಕೇಳಿಕೊಳ್ಳಲಿ.

ಬಾರದಂತೆ ತಡೆಯೋಣ

ಮೊಟ್ಟೆಯಿಡುವ ಕೋಳಿ ದಿನಕ್ಕೆ ಸುಮಾರು 100ರಿಂದ 120 ಗ್ರಾಂ ಮೇವು ತಿನ್ನುತ್ತದೆ, ಅದರ ಎರಡು ಪಟ್ಟಿನಷ್ಟು ನೀರು ಕುಡಿಯುತ್ತದೆ. ಸೆಕೆಯಲ್ಲಿ ನೀರು ಇನ್ನೂ ಹೆಚ್ಚು ಬೇಕು. ಗೂಡಿನಲ್ಲೇ ಇರುವ ಕೋಳಿಗೆ ಒಂದು ಚಿಪ್ಪಿನಲ್ಲಿ ಸಣ್ಣ ಕಲ್ಲುಪುಡಿ ಇಡಿ. ಮೊಟ್ಟೆಯ ಓಡು ಅಥವಾ ಕಪ್ಪೆಚಿಪ್ಪಿನ ಪುಡಿ ಸುಣ್ಣದಂಶ ಕೊಡುತ್ತದೆ, ಆದರೆ ಅದು ಕರಗಿಹೋಗುವುದರಿಂದ ಅರೆಯುವ ಕಲ್ಲಿನ ಕೆಲಸ ಮಾಡುವುದಿಲ್ಲ. ಹುಲ್ಲು ಕೊಡುವುದಾದರೆ ಬೆರಳಿನ ಒಂದು ಗೆಣ್ಣಿನಷ್ಟು ಚಿಕ್ಕದಾಗಿ ಕತ್ತರಿಸಿ. ನಮ್ಮ ಕರಾವಳಿಯ ಮಳೆಗಾಲದಲ್ಲಿ ತವಡು, ನೆಲಗಡಲೆ ಹಿಂಡಿ ಬೇಗ ಬೂಸು ಹಿಡಿಯುತ್ತವೆ. ಡಬ್ಬಿಯಲ್ಲಿ ಬಿಗಿಯಾಗಿ ಮುಚ್ಚಿಡಿ, ಬೂಸು ಕಂಡರೆ ಎಸೆಯಿರಿ. ಹಳಸಿದ ಅನ್ನ ನಮಗೆ ಬೇಡವಾದರೆ ಕೋಳಿಗೂ ಬೇಡ.

ಆ ಹುಡುಗನ ಕೋಳಿಗೆ ಒಂದು ದಿನ ಎಣ್ಣೆ ಹಾಕಿ ನಾದಿದರೂ ಗಂಟು ಕರಗಲಿಲ್ಲ. ಮರುದಿನ ಅವನ ಬಾಪ ಕೂಲಿ ಬಿಟ್ಟು ಪಶು ಆಸ್ಪತ್ರೆಗೆ ಕರೆದೊಯ್ದರು. ವೈದ್ಯರು ಚೀಲ ಕೊಯ್ದಾಗ ಒಳಗಿದ್ದದ್ದು ಮೇವಿನ ಗೋಣಿಯ ಪ್ಲಾಸ್ಟಿಕ್ ಎಳೆಗಳ ಒಂದು ಉಂಡೆ. ಹೊಲಿಗೆ ಹಾಕಿ ಕಳುಹಿಸಿದರು, ಹತ್ತು ದಿನದಲ್ಲಿ ಕೋಳಿ ಅಂಗಳಕ್ಕಿಳಿಯಿತು. ಆ ಉಂಡೆಯನ್ನು ಹುಡುಗ ಕಾಗದದಲ್ಲಿ ಸುತ್ತಿ ಮದ್ರಸಕ್ಕೆ ತಂದು ತೋರಿಸಿದ. "ಉಸ್ತಾದ್, ಗೋಣಿ ಕತ್ತರಿಸಿ ಅಂಗಳದಲ್ಲಿ ಎಸೆದದ್ದು ನಾನೇ" ಎಂದು ತಲೆ ತಗ್ಗಿಸಿದ. ಅಂದು ತರಗತಿಯಲ್ಲಿ ನಾನು ಬೇರೆ ಪಾಠ ಹೇಳಲಿಲ್ಲ.

ಇಂದು ಸಂಜೆ ಗೂಡಿನ ಬಾಗಿಲು ಹಾಕುವಾಗ ನಿಮ್ಮ ಕೋಳಿಯ ಎದೆಯನ್ನು ಒಮ್ಮೆ ಮುಟ್ಟಿ ನೋಡಿ. ನಾಳೆ ಸುಬಹ್ ನಮಾಝಿನ ನಂತರ ಬಾಗಿಲು ತೆರೆಯುವಾಗ ಮತ್ತೊಮ್ಮೆ ಮುಟ್ಟಿ ನೋಡಿ. ನಮ್ಮ ಕೈಗೆ ಒಪ್ಪಿಸಲ್ಪಟ್ಟ ಮೂಕ ಜೀವಿಗಳ ವಿಷಯದಲ್ಲಿ ಅಲ್ಲಾಹನು ನಮ್ಮನ್ನು ಹೊಣೆಯರಿತವರನ್ನಾಗಿ ಮಾಡಲಿ. ಆಮೀನ್.